ಮುಹೂರ್ತದ ಬುಟ್ಟಿ

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಅವರ ಕುರ್ಚಿಯಲ್ಲೇ ಕೂತಿದ್ದೆ. ಜಮಖಂಡಿ ಬಸ್ ನಿಲ್ದಾಣದಿಂದ ಎರಡು ಓಣಿ ಆಚೆ, ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕಟ್ಟಡ ಕಂಪನಿಯ ಯೋಜನಾ ಕಚೇರಿ ಇದೆ. ಅದನ್ನು ಹುಟ್ಟುಹಾಕಿದವರು ಅವರು. ಈಗ ಅದರ ಮುಖ್ಯಸ್ಥ ನಾನು. ಬನಹಟ್ಟಿಯಿಂದ ಅವರ ಅಳಿಯ ಫೋನು ಮಾಡಿ, ಮಾವನವರು ಮುಂಜಾನೆ ಹೋದರು, ಮಧ್ಯಾಹ್ನದ ಮೇಲೆ ಮಣ್ಣು ಮಾಡುತ್ತೇವೆ ಅಂದ. ಬರುತ್ತೇನೆ ಅಂದೆ. ಫೋನು ಕೆಳಗಿಟ್ಟ ಮೇಲೆ ಮೊದಲು ಬಂದದ್ದು ದುಃಖವಲ್ಲ. ಇನ್ನು ಬೀಳಗಿ ಕೋರ್ಟಿನಲ್ಲಿ ಅವರ ಮುಖ ನೋಡಬೇಕಾಗಿಲ್ಲ ಅನ್ನುವ ಸಮಾಧಾನ ಬಂತು. ಇಂಥ ಮನುಷ್ಯ ಬರೆಯುತ್ತಿರುವ ಮಾತುಗಳಿವು, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅವರ ಹೆಸರು ಬರೆಯುವುದಿಲ್ಲ. ಪೊಲೀಸರ ಕಾಗದದಲ್ಲಿ, ಕೋರ್ಟಿನ ಕಾಗದದಲ್ಲಿ ಅದನ್ನು ಬೇಕಾದಷ್ಟು ಸಲ ಬರೆದಾಗಿದೆ. ನಾವು ಅವರನ್ನು ಸರ್ ಅನ್ನುತ್ತಿದ್ದೆವು. ಸೈಟಿನ ಮೇಸ್ತ್ರಿಗಳು ಬೆನ್ನ ಹಿಂದೆ ಗೋಡಿ ಸಾಹೇಬ ಅನ್ನುತ್ತಿದ್ದರು.

ಆ ಹೆಸರು ಬಂದದ್ದು ಹೀಗೆ. ಅವರು ಬರುವ ಮೊದಲು ನಮ್ಮ ಕಂಪನಿಗೆ ಕಚೇರಿ ಅಂತ ಇರಲಿಲ್ಲ. ಮಾಲಕರ ಜೀಪೇ ಕಚೇರಿ, ಅವರ ಕಿವಿಗೆ ಅಂಟಿಕೊಂಡ ಫೋನೇ ಕಡತ. ಒಂದೇ ಕಾಲಕ್ಕೆ ನಾಲ್ಕು ಕೆಲಸ ನಡೆಯುತ್ತಿದ್ದವು. ಜಮಖಂಡಿಯಲ್ಲಿ ಕಾಲೇಜಿನ ಹಾಸ್ಟೆಲು, ಮುಧೋಳದಲ್ಲಿ ಒಂದು ಆಸ್ಪತ್ರೆ, ಬನಹಟ್ಟಿಯಲ್ಲಿ ಬಟ್ಟೆ ವ್ಯಾಪಾರಿಗಳ ಗೋದಾಮು, ಬೀಳಗಿ ಕಡೆ ಒಂದು ಸಮುದಾಯ ಭವನ. ಮುಧೋಳಕ್ಕೆ ಹೋಗಬೇಕಾದ ಕಬ್ಬಿಣದ ಸಳಿ ಬನಹಟ್ಟಿಯಲ್ಲಿ ಇಳಿಯುತ್ತಿತ್ತು. ಸಿಮೆಂಟು ಬಂದ ದಿನ ಉಸುಕು ಇರುತ್ತಿರಲಿಲ್ಲ, ಉಸುಕು ಬಂದ ದಿನ ಆಳು ಕಬ್ಬಿನ ಗದ್ದೆಗೆ ಹೋಗಿರುತ್ತಿದ್ದರು. ಇದಕ್ಕೆಲ್ಲ ಒಂದು ಕಡೆ ಕೂತು ನೋಡುವವರು ಬೇಕು ಅಂತ ಯಾರೋ ಮಾಲಕರ ತಲೆಯಲ್ಲಿ ತುಂಬಿದರು. ಸರಕಾರಿ ಕೆಲಸದಿಂದ ನಿವೃತ್ತರಾಗಿ ಬನಹಟ್ಟಿಯಲ್ಲಿ ಮನೆಯಲ್ಲಿದ್ದ ಇವರನ್ನು ಕರೆಸಿದರು. ಕಾಲೇಜು ಮುಗಿಸಿ ಸುಮ್ಮನೆ ತಿರುಗುತ್ತಿದ್ದ ನನ್ನನ್ನು ಅವರ ಕೈಕೆಳಗೆ ಹಾಕಿದರು.

ಮೊದಲ ದಿನ ಮಾಲಕರು ಎಷ್ಟು ಕಂಪ್ಯೂಟರ್ ಬೇಕು ಅಂತ ಕೇಳಿದರು. ಇವರು ಒಂದು ಗೋಡೆ ಬೇಕು ಅಂದರು. ಉದ್ದದ ಗೋಡೆಗೆ ಶಾಲೆಯ ಹಲಗೆಯಂತೆ ಕಪ್ಪು ಬಣ್ಣ ಬಳಿಸಿ, ನಾಲ್ಕು ಕೆಲಸಕ್ಕೆ ನಾಲ್ಕು ಅಂಕಣ, ಅಂಕಣದೊಳಗೆ ದಿನಾಂಕ ಬರೆಯಲು ಚೌಕ ಚೌಕ ಮನೆ, ಹೀಗೆ ಗೆರೆ ಹೊಡೆಸಿದರು. ಯಾವ ಕೆಲಸ ಯಾವತ್ತು ಶುರು, ಯಾವತ್ತು ಮುಗಿಯಬೇಕು, ಯಾವ ಸಾಮಾನು ಎಲ್ಲಿದೆ, ಎಲ್ಲ ಅದರ ಮೇಲೆ. ಮಾಲಕರು ಬಾಗಿಲಲ್ಲಿ ನಿಂತು ನೋಡಿ, ಸಾಲಿ ತೆಗೆದಿರೇನು ಇಲ್ಲಿ ಅಂತ ನಕ್ಕರು. ಇವರು ನಗಲಿಲ್ಲ. ಸಾಮಾನಿನ ಪಟ್ಟಿಯಲ್ಲಿ ಸಿಮೆಂಟು, ಸಳಿ, ಕಾಂಕ್ರೀಟಿಗೆ ಬೇಕಾದ ಜಲ್ಲಿಕಲ್ಲಿನ ಖಡಿ, ಉಸುಕು ಬರೆಸಿ, ಕೊನೆಗೆ ಕೊಬ್ಬರಿ ಎಣ್ಣೆ ಅಂತ ಬರೆಸಿದರು. ನಾನು ತಪ್ಪು ಕೇಳಿಸಿಕೊಂಡೆನೋ ಅಂತ ಸೀಮೆಸುಣ್ಣ ಹಿಡಿದು ನಿಂತೆ. ಬುಟ್ಟಿ ಹೊರುವ ಹೆಣ್ಣುಮಕ್ಕಳ ಅಂಗೈಯನ್ನು ಸಿಮೆಂಟು ತಿಂದು ಬಿಡುತ್ತದೆ, ಎಣ್ಣೆ ಇಲ್ಲದ ಸೈಟು ಖಡಿ ಇಲ್ಲದ ಸೈಟಿನಷ್ಟೇ ಲೆಕ್ಕ ಅಂದರು. ಅವರ ಕಾಲದಲ್ಲಿ ಯಾವ ಸೈಟಿನಲ್ಲೂ ಎಣ್ಣೆಯ ಬಾಟಲಿ ಖಾಲಿ ಇದ್ದದ್ದು ನಾನು ನೋಡಲಿಲ್ಲ.

ನಾನು ಹೊಸ ಹುಮ್ಮಸ್ಸಿನಲ್ಲಿ ಒಂದು ತಿಂಗಳು ಕೂತು, ನಾಲ್ಕು ಕೆಲಸದ ನಕಾಶೆಯನ್ನು ಬಣ್ಣಬಣ್ಣದ ಪಟ್ಟಿಗಳಲ್ಲಿ ಅಚ್ಚು ಹಾಕಿಸಿ ತಂದು ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು. ಬಣ್ಣ ನೋಡಬೇಕೆಂದರೆ ನಮ್ಮೂರಿನ ಸೀರೆ ಇವೆ, ಖಡಿ ಯಾವಾಗ ಬರುತ್ತದೆ ಅದನ್ನು ಹೇಳು ಅಂದರು. ಆ ಹಾಳೆಯ ಹಿಂಬದಿಯನ್ನು ಅವರು ಚಹಾದ ಕಪ್ಪು ಇಡಲು ಬಳಸಿದರು. ನನಗೆ ಎಷ್ಟು ಸಿಟ್ಟು ಬಂತೆಂದರೆ ಎರಡು ದಿನ ಅವರ ಜೊತೆ ಬೇಕಾದಷ್ಟೇ ಮಾತಾಡಿದೆ.

ನೇಕಾರರ ಮನೆಯಲ್ಲಿ ಹುಟ್ಟಿದವರು. ಅಪ್ಪನ ಮಗ್ಗದ ಪಕ್ಕ ಕೂತು ಓದಿದವರು. ಈ ಕಚೇರಿ ಯಾಕೆ ಬೇಕು ಅಂತ ಅವರು ನನಗೆ ಹೇಳಿಕೊಟ್ಟ ಮಾತು ಯಾವ ಪುಸ್ತಕದಲ್ಲೂ ಸಿಗಲಿಲ್ಲ.

"ಮಗ್ಗದಾಗ ಒಂದು ಎಳಿ ಹರದ್ರ ಮಗ್ಗ ನಿಂದರಸ್ತಾರ. ಎಳಿ ಕಟ್ಟಿ ಮತ್ತ ಚಾಲೂ ಮಾಡ್ತಾರ. ಕಟ್ಟಡ ಹಂಗಲ್ಲಲೇ. ಕೆಳಗ ಎಳಿ ಹರದಿದ್ರೂ ಮ್ಯಾಲ ಏರಕೋತ ಹೋಗ್ತೈತಿ. ಹರದಿದ್ದು ನೋಡಾಕ ನಾವು ಕುಂತೇವಿ, ಮತ್ತೇನಕ್ಕೂ ಅಲ್ಲ."

ಪ್ರತಿದಿನ ಬೆಳಿಗ್ಗೆ ನಾಲ್ಕೂ ಸೈಟಿಗೆ ಫೋನು ಮಾಡುವುದು ನನ್ನ ಕೆಲಸ. ಮೂರು ಪ್ರಶ್ನೆ ಕೇಳಬೇಕು: ನಿನ್ನೆ ಏನು ಮಾಡಿದಿರಿ, ಇವತ್ತು ಏನು ಮಾಡುತ್ತೀರಿ, ಏನು ಅಡ್ಡ ಬಂದಿದೆ. ಉತ್ತರವನ್ನು ಒಂದು ನೋಟುಬುಕ್ಕಿನಲ್ಲಿ ಬರೆಯಬೇಕು, ಫೋಟೋ ತರಿಸಿಕೊಳ್ಳಬೇಕು, ಆಮೇಲೆ ಗೋಡೆಯ ಮೇಲಿನ ದಿನಾಂಕ ತಿದ್ದಬೇಕು. ಮೂರನೆಯ ಪ್ರಶ್ನೆಗೆ ಉತ್ತರ ಬಂದರೆ ಅದರ ಬಾಲ ಹಿಡಿದು ಕೊನೆಯವರೆಗೂ ಹೋಗಬೇಕು ಅನ್ನುವುದು ಅವರ ಕಟ್ಟಾಜ್ಞೆ. ಏನೂ ಅಡ್ಡಿಯಿಲ್ಲ ಅಂತ ಯಾರಾದರೂ ಅಂದರೆ ಅವತ್ತೇ ಆ ಸೈಟಿಗೆ ಅವರು ಹೊರಟರು ಅಂತಲೇ ಲೆಕ್ಕ.

ಹೋಗುವುದು ಬಸ್ಸಿನಲ್ಲಿ. ಮಾಲಕರು ಜೀಪು ಕೊಡುತ್ತೇನೆ ಅಂದರೂ ಒಲ್ಲೆ ಅಂದರು. ಜೀಪಿನ ಧೂಳು ಕಂಡ ಕೂಡಲೇ ಮಲಗಿದವರೂ ಎದ್ದು ಸಲಿಕೆ ಹಿಡಿಯುತ್ತಾರಂತೆ. ಸೈಟಿಗಿಂತ ಒಂದು ನಿಲ್ದಾಣ ಮೊದಲೇ ಇಳಿದು, ಕಬ್ಬಿನ ಹೊಲದ ಬದುವಿನ ಮೇಲೆ ನಡೆದು, ಕಟ್ಟಡದ ಹಿಂದಿನಿಂದ ಹೋಗುತ್ತಿದ್ದರು. ಮುಧೋಳದ ಮೇಲ್ವಿಚಾರಕ ಇದಕ್ಕೆ ಉಪಾಯವಾಗಿ ಆ ನಿಲ್ದಾಣದ ಆಟೋದವನಿಗೆ ದಿನವೂ ಚಹಾ ಕುಡಿಸಿ, ಇವರು ಇಳಿದರೆ ಫೋನು ಮಾಡಲು ಹೇಳಿದ್ದ. ಸರ್ ಅದೇ ಆಟೋ ಹತ್ತಿ ಸೈಟಿಗೆ ಹೋಗಿ ಇಳಿದರು. ಆಟೋದವ ಒಂದು ಕೈಯಲ್ಲಿ ಹ್ಯಾಂಡಲು, ಒಂದು ಕೈಯಲ್ಲಿ ಫೋನು ಹಿಡಿದು ಬೆವರಿದನಂತೆ. ಈ ಕತೆ ಹೇಳುವಾಗ ಮಾತ್ರ ಅವರ ಮುಖದಲ್ಲಿ ನಗೆ ಕಾಣುತ್ತಿತ್ತು.

ಎಲ್ಲರಿಗೂ ಪ್ರಿಯರಾಗಿದ್ದರು ಅಂತ ಬರೆದರೆ ಸುಳ್ಳಾಗುತ್ತದೆ. ಹಾಸ್ಟೆಲಿನ ಕೆಲಸದಲ್ಲಿ ಒಬ್ಬ ಹಿರಿಯ ಗೌಂಡಿ ಕಟ್ಟಿದ ಗೋಡೆ ಬೆರಳಗಲ ವಾಲಿತ್ತು. ಅವನಿಗೆ ಸರ್‌ಗಿಂತ ಹೆಚ್ಚು ವಯಸ್ಸು. ತೂಗುಗುಂಡು ಹಿಡಿದು ಎಲ್ಲರೆದುರು ತೋರಿಸಿ, ಅವನ ಕೈಯಿಂದಲೇ ಒಡೆಸಿದರು. ಮುದುಕ ಸುತ್ತಿಗೆ ಹೊಡೆಯುತ್ತ ಅತ್ತ. ಬರುವಾಗ ಬಸ್ಸಿನಲ್ಲಿ ನಾನು, ಬೇರೆಯವರ ಕೈಯಿಂದ ಒಡೆಸಬಹುದಿತ್ತು ಸರ್ ಅಂದೆ. ಗೋಡೆಗೆ ವಯಸ್ಸು ತಿಳಿಯುವುದಿಲ್ಲ ಅಂದರು, ಕಿಟಕಿಯ ಕಡೆ ತಿರುಗಿ ಕೂತರು. ಅವತ್ತು ಅವರನ್ನು ನಾನು ಮನಸಾರೆ ದ್ವೇಷಿಸಿದೆ.

ಕಚೇರಿಯ ದೊಡ್ಡ ಹೆಮ್ಮೆ ಅಂದರೆ ಸೆಂಟ್ರಿಂಗ್ ಸಾಮಾನಿನ ಓಡಾಟ. ಸ್ಲ್ಯಾಬು ಹಾಕುವಾಗ ಕೆಳಗೆ ತಗಡು ಹಾಸಿ, ತಗಡಿಗೆ ಕಂಬ ಕೊಟ್ಟು ನಿಲ್ಲಿಸುತ್ತಾರಲ್ಲ, ಅದೇ ಸೆಂಟ್ರಿಂಗು. ಕಾಂಕ್ರೀಟು ಗಟ್ಟಿಯಾಗುವ ತನಕ ಭಾರ ಹೊರುವುದು ಅದು. ಮೊದಲೆಲ್ಲ ಪ್ರತಿ ಸೈಟಿನವರೂ ಕಂಬ ತಗಡು ಬಚ್ಚಿಟ್ಟುಕೊಂಡು ಇನ್ನೊಬ್ಬರಿಗೆ ಕೊಡುತ್ತಿರಲಿಲ್ಲ. ಸರ್ ಎಲ್ಲವನ್ನೂ ಒಟ್ಟು ಮಾಡಿ, ಗೋಡೆಯ ಮೇಲೆ ಸರದಿ ಬರೆದರು. ಸ್ಲ್ಯಾಬು ಹಾಕಿದ ಹದಿನಾಲ್ಕು ದಿನಕ್ಕೆ ಬಿಚ್ಚಿ ಮುಂದಿನ ಸೈಟಿಗೆ ಸಾಗಿಸಬೇಕು. ಅವರ ಸಹಿಯ ಚೀಟಿ ಇಲ್ಲದೆ ಒಂದು ಕಂಬ ಅಲುಗುವಂತಿಲ್ಲ. ಆ ಸಹಿಯನ್ನು ಯಾರೂ ಪ್ರಶ್ನೆ ಮಾಡುತ್ತಿರಲಿಲ್ಲ, ಯಾಕೆಂದರೆ ಅವರು ಕಣ್ಣಿಂದ ನೋಡದೆ ಸಹಿ ಹಾಕುವವರಲ್ಲ ಅಂತ ನಾಲ್ಕೂ ಊರಿಗೆ ಗೊತ್ತಿತ್ತು.

ಆ ವರ್ಷ ಮಣ್ಣೆತ್ತಿನ ಅಮಾವಾಸ್ಯೆಯ ಹೊತ್ತಿಗೆ ಅವರಿಗೆ ಕಣ್ಣಿನ ಪೊರೆ ತೆಗೆಸಬೇಕಾಯಿತು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಕಣ್ಣು ಮೊದಲೇ ಮಂಜು. ಬಸ್ಸು ಹತ್ತಬಾರದು, ಧೂಳಿಗೆ ಹೋಗಬಾರದು ಅಂತ ಡಾಕ್ಟರು ಹೇಳಿದ್ದರಿಂದ ಮೂರು ವಾರ ಬನಹಟ್ಟಿಯ ಮನೆಯಲ್ಲೇ ಉಳಿದರು. ಗೋಡೆ ನನ್ನ ಕೈಗೆ ಬಂತು.

ಅಮಾವಾಸ್ಯೆ ಕಳೆದರೆ ಆಷಾಢ. ಆಷಾಢದಲ್ಲಿ ನಮ್ಮ ಕಡೆ ಹೊಸದು ಏನನ್ನೂ ಆರಂಭಿಸುವುದಿಲ್ಲ. ಅದಕ್ಕೇ ಒಂದು ರೂಢಿ ಇದೆ. ಸ್ಲ್ಯಾಬಿಗೆ ಎಲ್ಲ ತಯಾರಾಗಿದ್ದು ಸಾಮಾನು ಬರುವುದು ತಡವಾದರೆ, ಅಮಾವಾಸ್ಯೆಯ ಒಳಗೆ ಒಳ್ಳೆಯ ದಿನ ನೋಡಿ, ಪೂಜೆ ಮಾಡಿ, ಕಾಯಿ ಒಡೆದು, ಒಂದು ಬುಟ್ಟಿ ಕಾಂಕ್ರೀಟನ್ನು ಕೈಯಲ್ಲೇ ಕಲಸಿ ಒಂದು ಮೂಲೆಗೆ ಹಾಕಿಬಿಡುತ್ತಾರೆ. ಅಲ್ಲಿಗೆ ಕೆಲಸ ಆರಂಭವಾದಂತೆ. ಉಳಿದದ್ದನ್ನು ಆಷಾಢದಲ್ಲಿ ಯಾವತ್ತು ಹಾಕಿದರೂ ದೋಷವಿಲ್ಲ. ಮುಹೂರ್ತದ ಬುಟ್ಟಿ ಅನ್ನುತ್ತಾರೆ. ಇದು ನನಗೆ ಗೊತ್ತಿರಲಿಲ್ಲ ಅಂತ ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಇಂಥ ಎಷ್ಟೋ ಮುಹೂರ್ತಗಳ ಪೇಢೆ ತಿಂದವನು ನಾನು.

ಬೀಳಗಿ ಕಡೆಯ ಭವನದ ಮೇಲ್ವಿಚಾರಕ ಈರಣ್ಣ ಅಮಾವಾಸ್ಯೆಗೆ ಮೂರು ದಿನ ಮೊದಲು ಫೋಟೋ ಕಳಿಸಿದ. ಸಳಿಯ ಮೇಲೆ ಹೂವು, ಒಡೆದ ಕಾಯಿ, ಬುಟ್ಟಿ ಎತ್ತಿ ಸುರಿಯುತ್ತಿರುವ ಊರ ಹಿರಿಯರು. ನಾನು ಗೋಡೆಯ ಮೇಲೆ ಸ್ಲ್ಯಾಬು ಹಾಕಿದ ದಿನ ಅಂತ ಆ ದಿನಾಂಕ ಬರೆದೆ. ಸರ್ ಇದ್ದಿದ್ದರೆ ಫೋಟೋ ನೋಡಿದ ಕೂಡಲೇ, ಪೂರಾ ಸ್ಲ್ಯಾಬಿಗೆ ಕಾಂಕ್ರೀಟು ಕಲಸುವ ಮಿಕ್ಸರ್ ಎಲ್ಲಿದೆ ಅಂತ ಕೇಳುತ್ತಿದ್ದರು. ಫೋಟೋದಲ್ಲಿ ಮಿಕ್ಸರ್ ಇರಲಿಲ್ಲ.

ಅದಾದ ಮೇಲೆ ಒಂದು ದಿನ ಬೆಳಗಿನ ಫೋನಿನಲ್ಲಿ ಈರಣ್ಣ, ಖಡಿ ಬಂದಿಲ್ಲ, ಮಳೆಗೆ ಕ್ರಷರ್ ನಿಂತಿದೆಯಂತೆ ಅಂದ. ನೋಟುಬುಕ್ಕಿನಲ್ಲಿ ಖಡಿ ಬಂದಿಲ್ಲ ಅಂತ ಬರೆದೆ. ಕಂಪೌಂಡಿನ ಕೆಲಸಕ್ಕೆ ಇರಬೇಕು ಅಂದುಕೊಂಡೆ. ಕೇಳಲಿಲ್ಲ. ಅವತ್ತು ಮುಧೋಳದ ಲಿಫ್ಟಿನ ಗಡಿಬಿಡಿಯಿತ್ತು. ಆಮೇಲೆ ಖಡಿ ಬಂತು, ಮುಹೂರ್ತದಿಂದ ಹತ್ತನೆಯ ದಿನಕ್ಕೆ ಈರಣ್ಣ ಪೂರಾ ಸ್ಲ್ಯಾಬು ಹಾಕಿಸಿದ. ಕಾಂಕ್ರೀಟು ನಡೆದಿದೆ ಅಂತ ಅವನು ಫೋನಿನಲ್ಲಿ ಅಂದದ್ದನ್ನೂ ನಾನು ಕಂಪೌಂಡಿನದೇ ಅಂದುಕೊಂಡೆ. ಮರುದಿನವೇ ಅವನ ಅಕ್ಕನ ಗಂಡ ತೀರಿಕೊಂಡು, ಸೈಟನ್ನು ವಾಚಮನ್‌ಗೆ ಒಪ್ಪಿಸಿ ಅವನು ಊರಿಗೆ ಹೋದ. ಅಲ್ಲಿಂದ ಮೂರು ದಿನ ಫೋನು ಎತ್ತಿದವನು ವಾಚಮನ್ನು. ಎಲ್ಲ ಛಲೋ ಐತ್ರಿ ಅಂದ. ಏನೂ ಅಡ್ಡಿಯಿಲ್ಲ ಅಂದ ಸೈಟಿಗೆ ಅವತ್ತೇ ಹೋಗಬೇಕಿತ್ತು. ನಾನು ಹೋಗಲಿಲ್ಲ.

ಗೋಡೆಯ ಲೆಕ್ಕಕ್ಕೆ ಹದಿಮೂರನೆಯ ದಿನ, ಗೋದಾಮಿನವರು ಕಂಬಕ್ಕಾಗಿ ತಗಾದೆ ಮಾಡುತ್ತಿದ್ದರು ಅಂತ ಚೀಟಿ ಬರೆದುಕೊಂಡು ಬನಹಟ್ಟಿಗೆ ಸರ್ ಮನೆಗೆ ಹೋದೆ. ಹಸಿರು ಬಟ್ಟೆಯ ಪಟ್ಟಿ ಕಟ್ಟಿಕೊಂಡು ಪಡಸಾಲೆಯಲ್ಲಿ ಕೂತಿದ್ದರು. ಅವರ ಹೆಂಡತಿ ಚಹಾ ತಂದು ಅಲ್ಲೇ ನಿಂತಿದ್ದರು. ನಾಳೆಗೆ ಹದಿನಾಲ್ಕು ದಿನ ಆಗುತ್ತದೆಯೇ ಅಂತ ಸರ್ ಕೇಳಿದರು. ಆಗುತ್ತದೆ ಅಂದೆ. ನೀನು ನೋಡಿದ್ದೀಯಾ ಅಂದರು. ಫೋಟೋ ಬಂದಿದೆ ಸರ್ ಅಂದೆ. ಚೀಟಿಯನ್ನು ಕಣ್ಣಿನ ಹತ್ತಿರ ತಂದು ಹಿಡಿದರು. ಆಮೇಲೆ ಪೆನ್ನು ಕೇಳಿದರು. ಸಹಿಯ ಜಾಗ ಅವರಿಗೆ ಕಾಣಲಿಲ್ಲ. ಅವರ ತೋರುಬೆರಳು ಹಿಡಿದು ಆ ಜಾಗದ ಮೇಲೆ ಇಟ್ಟವನು ನಾನು.

ಮರುದಿನ ಜಮಖಂಡಿಯಿಂದ ಟ್ರ್ಯಾಕ್ಟರಿನಲ್ಲಿ ಹೋದ ಸೆಂಟ್ರಿಂಗಿನವರು ಬೇರೆ ಗುಂಪಿನವರು. ಅವರಿಗೆ ಗೊತ್ತಿದ್ದದ್ದು ಚೀಟಿ ಮಾತ್ರ. ಬಾಡಗಂಡಿಯಿಂದ ಕೂಲಿಗೆ ಬರುತ್ತಿದ್ದ ಲಕ್ಕವ್ವ ಅನ್ನುವ ಹೆಣ್ಣುಮಗಳು, ನಾಲ್ಕು ದಿನದ ಹಿಂದೆ ತಾನೇ ಬುಟ್ಟಿ ಹೊತ್ತು ಈ ಸ್ಲ್ಯಾಬು ಹಾಕಿದ್ದೇವಲ್ಲ ಅಂದಳಂತೆ. ಸಾಹೇಬರ ಸಹಿ ಇದೆ ಅಂತ ಅವರು ಚೀಟಿ ತೋರಿಸಿದರು. ಆಕೆಗೂ ಆ ಸಹಿಯ ಮೇಲೆ ನಂಬಿಕೆ ಇತ್ತು. ಬಿಚ್ಚಿದ ತಗಡು ಹೊರಲು ಒಳಗೆ ಹೋದಳು. ನಡುವಿನ ಕಂಬ ತೆಗೆಯುವಷ್ಟರಲ್ಲಿ ಅರ್ಧ ಸ್ಲ್ಯಾಬು ಇಳಿಯಿತು. ಬಾಗಿಲ ಹತ್ತಿರ ಇದ್ದವರೆಲ್ಲ ಹೊರಗೆ ಹಾರಿದರು. ಆಕೆ ನಡುವೆ ಇದ್ದಳು. ಆಕೆಯ ಹೆಣವನ್ನು ಸಂಜೆಯವರೆಗೂ ಹೊರಗೆ ತೆಗೆಯಲು ಆಗಲಿಲ್ಲ.

ಸರ್ ಪಟ್ಟಿ ಕಟ್ಟಿಕೊಂಡೇ ಅಳಿಯನ ಕೈ ಹಿಡಿದು ಸೈಟಿಗೆ ಬಂದರು. ಎರಡನೆಯ ದಿನ ಕಚೇರಿಗೆ ಬಂದು ನೋಟುಬುಕ್ಕು ಕೇಳಿದರು. ಓದಿ ಹೇಳು ಅಂದರು. ನಾನು ಓದುತ್ತ ಖಡಿ ಬಂದಿಲ್ಲ ಅನ್ನುವ ಸಾಲಿಗೆ ಬಂದು ನಿಂತೆ. ಮುಂದೆ ಓದು ಅನ್ನಲಿಲ್ಲ. ಅವರಿಗೆ ಎಲ್ಲ ತಿಳಿಯಿತು. ಕೈ ಚಾಚಿ ನೋಟುಬುಕ್ಕು ಮುಚ್ಚಿದರು.

"ನೀ ತಪ್ಪು ಬರದಿ," ಅಂದರು. "ಮನಷ್ಯಾರು ತಪ್ಪು ಬರೀತಾರ. ತಪ್ಪು ಬರದ್ರೂ ಸ್ಲ್ಯಾಬ್ ಬೀಳಬಾರದು ಅಂತನ ಈ ಆಫೀಸ್ ಮಾಡಿದ್ದು. ಬಿತ್ತು ಅಂದ್ರ ಆಫೀಸಿನ ತಪ್ಪು. ಆಫೀಸ್ ನಂದು. ಸ್ಲ್ಯಾಬ್ ಹಾಕಿದ ದಿನ ಅಂತ ಗೋಡಿ ಮ್ಯಾಲ ಒಂದ ಮನಿ ಬರಿಸಿದಾಂವ ನಾನು, ಮುಗದ ದಿನಕ್ಕ ಇನ್ನೊಂದು ಮನಿ ಬಿಡಬೇಕಿತ್ತು. ನೀ ಸುಮ್ಕಿರು."

ನಾನು ಬೇಡ ಸರ್ ಅನ್ನಲಿಲ್ಲ. ಕಾಲಿಗೆ ಬೀಳಲಿಲ್ಲ, ಅಳಲಿಲ್ಲ. ಹೂಂ ಅಂದೆ. ಆಗ ನನ್ನ ಮದುವೆ ಗೊತ್ತಾಗಿತ್ತು. ಅದೊಂದು ನೆವ. ಖರೆ ಹೇಳಬೇಕೆಂದರೆ ಹೆದರಿದ್ದೆ, ಅಷ್ಟೇ. ಆ ನೋಟುಬುಕ್ಕು ಇನ್ನೂ ಕಚೇರಿಯ ಕಪಾಟಿನಲ್ಲಿದೆ. ಹರಿಯುವ ಧೈರ್ಯವೂ ನನಗೆ ಇಲ್ಲ.

ಪೊಲೀಸರ ಮುಂದೆ, ದಿನಾಂಕವೂ ನನ್ನದು, ಸಹಿಯೂ ನನ್ನದು ಅಂತ ಅವರು ಬರೆಸಿದರು. ಸೈಟಿಗೆ ಫೋನು ಮಾಡುತ್ತಿದ್ದವರು ಯಾರು ಅಂತ ಕೇಳಿದ್ದಕ್ಕೆ, ಕಚೇರಿಯ ಫೋನು, ಅದರ ಮಾತೆಲ್ಲ ನನಗೇ ಬರುತ್ತಿತ್ತು ಅಂದರು. ಮಾಲಕರು ಅವರನ್ನು ಕೆಲಸದಿಂದ ತೆಗೆದರು, ತೆಗೆದದ್ದನ್ನು ಪೇಪರಿನವರಿಗೆ ಹೇಳಿದರು. ಕಚೇರಿಯನ್ನು ಮುಚ್ಚಲಿಲ್ಲ. ಅದರಿಂದ ಕೆಲಸ ಬೇಗ ಮುಗಿಯುತ್ತಿತ್ತಲ್ಲ. ಒಂದು ವರ್ಷದೊಳಗೆ ಕುರ್ಚಿ ನನಗೆ ಬಂತು. ಈಗ ನಮ್ಮ ಗೋಡೆಯ ಮೇಲೆ ಹಾಕಿದ ದಿನಕ್ಕೆ ಒಂದು ಮನೆ, ಮುಗಿದ ದಿನಕ್ಕೆ ಒಂದು ಮನೆ ಇದೆ. ಹೊಸ ಹುಡುಗರಿಗೆ ನಾನೇ ಅದನ್ನು ಹೇಳಿಕೊಡುತ್ತೇನೆ. ಯಾಕೆ ಅಂತ ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.

ಕೇಸು ಆರು ವರ್ಷ ನಡೆಯಿತು. ಪ್ರತಿ ತಾರೀಖಿಗೂ ಸರ್ ಬಸ್ಸಿನಲ್ಲಿ ಬೀಳಗಿಗೆ ಬರುತ್ತಿದ್ದರು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಬಟ್ಟೆಯ ಚೀಲದಲ್ಲಿ ರೊಟ್ಟಿಯ ಡಬ್ಬಿ. ಸಾಕ್ಷಿ ಹೇಳಲು ನನ್ನನ್ನು ಕರೆಸಿದ ದಿನ ವಕೀಲರು, ಗೋಡೆಯ ಮೇಲಿನ ದಿನಾಂಕಕ್ಕೆ ಹೊಣೆ ಯಾರು ಅಂತ ಕೇಳಿದರು. ಕಚೇರಿಯ ಮುಖ್ಯಸ್ಥರು ಅಂದೆ. ಕಾಗದದ ಪ್ರಕಾರ ಅದು ಸರಿಯಾದ ಉತ್ತರ. ಬರೆದವರು ಯಾರು ಅಂತ ಅವರು ಕೇಳಲಿಲ್ಲ. ಕೇಳಲಿ ಅಂತಲೂ, ಕೇಳದಿರಲಿ ಅಂತಲೂ ನಾನು ಒಂದೇ ಉಸಿರಿನಲ್ಲಿ ಬೇಡಿಕೊಂಡೆ. ಸರ್ ಆರೋಪಿಯ ಜಾಗದಲ್ಲಿ ನಿಂತು ನೆಲ ನೋಡುತ್ತಿದ್ದರು. ಹೊರಗೆ ಬಂದ ಮೇಲೆ ಬೇವಿನ ಗಿಡದ ಕೆಳಗೆ ಡಬ್ಬಿ ಬಿಚ್ಚಿ, ಊಟ ಆಯಿತೇನು ಅಂತ ಕೇಳಿದರು. ಆಯಿತು ಸರ್ ಅಂತ ಸುಳ್ಳು ಹೇಳಿ ಗಾಡಿ ಹತ್ತಿದೆ. ಅದೇ ಕೊನೆಯ ಮಾತು.

ತೀರ್ಪು ಬರುವ ಮೊದಲೇ ಅವರು ಹೋದರು. ಆರೋಪಿ ಸತ್ತರೆ ಕೇಸು ಅಲ್ಲಿಗೆ ಮುಗಿಯುತ್ತದೆ. ತಪ್ಪಿತಸ್ಥರಲ್ಲ ಅನ್ನಿಸಿಕೊಳ್ಳುವ ದಾರಿಯೂ ಅಲ್ಲಿಗೇ ಮುಗಿಯಿತು.

ಮಣ್ಣಿಗೆ ಹೋದೆ. ಅವರ ಓಣಿಯ ಮಗ್ಗಗಳು ಅವತ್ತು ನಿಂತಿದ್ದವು. ಜನ ಕಡಿಮೆ. ಒಬ್ಬ ಮುದುಕ ಇನ್ನೊಬ್ಬನಿಗೆ, ಆ ಹೆಣ್ಣುಮಗಳನ್ನು ಕೊಂದದ್ದು ಇವರನ್ನೂ ಬಿಡಲಿಲ್ಲ ನೋಡು ಅಂತ ಮೆಲ್ಲಗೆ ಹೇಳಿದ್ದು ನನಗೆ ಕೇಳಿತು. ಎಲ್ಲ ಮುಗಿದು ಕೈಕಾಲು ತೊಳೆದ ಮೇಲೆ ನಾನು ಅವರ ಹೆಂಡತಿಯ ಎದುರು ಕೂತೆ. ದಿನಾಂಕ ಬರೆದವನು ನಾನು, ಸರ್‌ಗೆ ಏನೂ ಗೊತ್ತಿರಲಿಲ್ಲ ಅಂತ ಹೇಳಿದೆ. ಆರು ವರ್ಷ ಆಡದ ಮಾತು ಹೊರಬರಲು ಅರ್ಧ ನಿಮಿಷ ಸಾಕಾಯಿತು.

ಚೀಟಿ ತಂದ ದಿನ ನಾನೂ ಇಲ್ಲೇ ನಿಂತಿದ್ದೆ, ನೀವು ಅವರ ಬೆರಳು ಹಿಡಿದದ್ದು ನೋಡಿದ್ದೆ ಅಂತ ಅವರ ಹೆಂಡತಿ ಅಂದರು. ಆಮೇಲೆ ನನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಿದರು. ಪ್ರತಿ ವರ್ಷ ಸ್ಲ್ಯಾಬು ಬಿದ್ದ ಆ ದಿನ ಸರ್ ಬಾಡಗಂಡಿಗೆ, ಲಕ್ಕವ್ವನ ಮನೆಗೆ ಹೋಗುತ್ತಿದ್ದರು. ಆಕೆಯ ಗಂಡ ದುರಗಪ್ಪ ಅವರನ್ನು ಒಳಗೆ ಕರೆಯುತ್ತಿರಲಿಲ್ಲ. ಇವರು ಬಾಗಿಲ ಮುಂದೆ ನಿಂತು, ಸ್ವಲ್ಪ ಹೊತ್ತು ಕಳೆದು, ಹಾಗೇ ಬಸ್ಸಿಗೆ ವಾಪಸು ಬರುತ್ತಿದ್ದರು. ಒಂದು ತಂಬಿಗೆ ನೀರು ಕೂಡ ಅಲ್ಲಿ ಅವರಿಗೆ ಸಿಗಲಿಲ್ಲ. ಹೋಗಬೇಡಿ ಅಂದರೆ ಕೇಳುತ್ತಿರಲಿಲ್ಲವಂತೆ.

"ನನ್ನ ಮುಂದ ಹೇಳಿ ಏನ್ರಿ?" ಅಂದರು. "ಅಲ್ಲಿ ಹೋಗಿ ಹೇಳ್ರಿ."

ಮೂರನೆಯ ದಿನ ಹೋದೆ. ಬಾಡಗಂಡಿಯಲ್ಲಿ ಸಕ್ಕರೆ ಕಾರ್ಖಾನೆಯ ಹೊಗೆ ಊರ ಮೇಲೆ ಇಳಿದಿತ್ತು. ದುರಗಪ್ಪ ಹೊರಗಿನ ಕಟ್ಟೆಯ ಮೇಲೆ ಕೂತು ಎತ್ತಿನ ಹಗ್ಗ ಹೊಸೆಯುತ್ತಿದ್ದ. ಐವತ್ತು ದಾಟಿದ, ಒಣಗಿದ ಮನುಷ್ಯ. ನಾನು ಯಾರು ಅಂತ ಹೇಳಿದೆ. ಸಾಹೇಬರು ತೀರಿಕೊಂಡರು ಅಂದೆ. ಅವನ ಕೈ ನಿಲ್ಲಲಿಲ್ಲ. ಆಮೇಲೆ ಉಳಿದದ್ದನ್ನು ಹೇಳಿದೆ. ಮುಹೂರ್ತದ ದಿನವನ್ನು ಬರೆದವನು ನಾನು, ಖಡಿ ಬಂದಿಲ್ಲ ಅಂತ ಕೇಳಿಯೂ ವಿಚಾರಿಸದವನು ನಾನು, ಕಣ್ಣು ಕಾಣದವರ ಕೈ ಹಿಡಿದು ಸಹಿ ಹಾಕಿಸಿದವನು ನಾನು. ಬೈಯುತ್ತಾನೆ, ಹೊಡೆಯುತ್ತಾನೆ ಅಂದುಕೊಂಡಿದ್ದೆ. ಹೊಡೆದಿದ್ದರೆ ಒಳ್ಳೆಯದಿತ್ತು.

ಅವನು ಹಗ್ಗ ಕೆಳಗಿಟ್ಟ. ಆ ಮನುಷ್ಯನ ತಪ್ಪು ಏನೂ ಇರಲಿಲ್ಲವೇ ಅಂತ ಕೇಳಿದ. ಇರಲಿಲ್ಲ ಅಂದೆ. ಇನ್ನೊಂದು ಸಲ ಅದನ್ನೇ ಕೇಳಿದ. ಹೋದ ವರ್ಷ ಮಳೆಯಿತ್ತು, ಛತ್ರಿ ಇಲ್ಲದೆ ಅಗೋ ಅಲ್ಲಿ ನಿಂತಿದ್ದರು, ನಾನು ಒಳಗಿನಿಂದ ಅಗಳಿ ಹಾಕಿಕೊಂಡೆ ಅಂದ. ಕೈಯಿಂದ ಆ ಜಾಗ ತೋರಿಸಿದ. ಮಾಳಿಗೆಯ ನೀರು ಬೀಳುವ ಜಾಗ ಅದು. ಮಗಳು ಕರೆಯೋಣ ಅಪ್ಪ ಅಂದಳು, ಆಕೆಯ ಬಾಯಿ ಮುಚ್ಚಿಸಿದೆ ಅಂದ.

"ನೀವು ಇಲ್ಲಿಗೆ ಬಂದು ಹೇಳಿ ಹಗರ ಆದ್ರಿ," ಅಂದ. "ನಾ ಯಾರ ಮುಂದ ಹೋಗಿ ಹೇಳ್ಲಿ? ಅವರು ಸತ್ತಾರ."

ಒಂದು ಸಾವಿನ ದುಃಖ ಹೊತ್ತವನಿಗೆ ಇನ್ನೊಂದು ಸಾವಿನ ಪಾಪವನ್ನೂ ಹೊರಿಸಲು ನಾನು ಅಷ್ಟು ದೂರ ಬಂದಿದ್ದೆ. ಆರು ವರ್ಷದಲ್ಲಿ ಯಾವಾಗ ಹೇಳಿದ್ದರೂ ಇವನು ಆ ಬಾಗಿಲು ತೆಗೆಯುತ್ತಿದ್ದ. ಏಳಲು ಹೊರಟೆ. ಕುಂದ್ರಿ ಅಂದ. ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ನನ್ನ ಮುಂದೆ ಇಟ್ಟ.

"ಕುಡೀರಿ. ಬಾಗಲಕ್ಕ ಬಂದವರನ್ನ ನಾ ಇನ್ನೊಮ್ಮೆ ಹಂಗ ಕಳಸೂದಿಲ್ಲ."

ಎದುರಿಗೇ ನಿಂತಿದ್ದ. ತಂಬಿಗೆ ಎತ್ತಿಕೊಂಡೆ. ಅವರಿಗೆ ಸಲ್ಲಬೇಕಾಗಿದ್ದ ನೀರನ್ನು, ಅವನು ನೋಡುತ್ತಿರುವಂತೆ, ಪೂರ್ತಿ ಕುಡಿದೆ.